ಗರಡಿಯೊಳಗಿನ ಆಕಾಶ

ಎಫ್-16 ಯುದ್ಧವಿಮಾನದ ಎಡ ಮಗ್ಗುಲಿನಲ್ಲಿ ಆರು ನಳಿಕೆಯ ಫಿರಂಗಿಯೊಂದು ಹುದುಗಿದೆ. ನಿಮಿಷಕ್ಕೆ 6,000 ಗುಂಡು ಉಗುಳುವ ವೇಗ ಅದರದು. ವಿಮಾನ ಹೊತ್ತೊಯ್ಯುವುದು 511 ಗುಂಡು. ಭಾಗಿಸಿ ನೋಡಿದರೆ ಒಟ್ಟು ಐದು ಸೆಕೆಂಡಿನ ಮಾತು. ಹಾರಾಟವನ್ನು ಕಂಪ್ಯೂಟರಿನಲ್ಲಿ ಅನುಕರಿಸುವ ಒಳ್ಳೆಯ ಸಿಮ್ಯುಲೇಟರ್ ಕೂಡ ನಮಗೆ ಅಷ್ಟೇ ಗುಂಡು ಕೊಡುತ್ತದೆ, ಒಂದೂ ಹೆಚ್ಚಿಲ್ಲ. ಮೊದಲ ಸಲ ಕೂತವರು ಎದುರಾಳಿ ಕಂಡ ತಕ್ಷಣ ಗುಂಡಿ ಒತ್ತಿ ಹಿಡಿಯುತ್ತಾರೆ. ನಾನೂ ಹಾಗೆಯೇ ಮಾಡಿದೆ. ಗುಂಡು ತೀರಿತು, ಎದುರಿನ ವಿಮಾನ ಅಲ್ಲಿಯೇ ಇತ್ತು, ಅರ್ಧ ನಿಮಿಷದಲ್ಲಿ ಅದು ನನ್ನ ಬೆನ್ನಿಗೆ ಬಂದಿತ್ತು.

ಆ ಐದು ಸೆಕೆಂಡನ್ನು ಸರಿಯಾದ ಜಾಗದಲ್ಲಿ ಖರ್ಚು ಮಾಡಲು ಎಷ್ಟು ಕಲಿಯಬೇಕು, ಆ ಕಲಿಕೆಯಲ್ಲಿ ಎಷ್ಟನ್ನು ಮೇಜಿನ ಮುಂದೆ ಕುರ್ಚಿಯಲ್ಲಿ ಕೂತು ಕಲಿಯಬಹುದು, ಎಷ್ಟನ್ನು ಎಂದೂ ಕಲಿಯಲಾಗದು ಎಂಬುದು ಹಲವು ವರ್ಷಗಳಿಂದ ನನ್ನನ್ನು ಕಾಡಿದ ಪ್ರಶ್ನೆ. ಕೆಲವರು ಇದನ್ನು ಮಕ್ಕಳಾಟ ಎಂದು ತಳ್ಳಿಹಾಕುತ್ತಾರೆ. ಆದರೆ ವಾಯುಪಡೆಗಳು ಇದಕ್ಕೆ ಸುರಿಯುವ ಹಣ, ಹೊತ್ತು ಬೇರೆಯೇ ಮಾತು ಹೇಳುತ್ತವೆ.

ಇತಿಹಾಸದ ಮೊದಲ ಪುಟ ಒಂದು ವಾದ್ಯದ ಕಾರ್ಖಾನೆಯಲ್ಲಿದೆ. ನ್ಯೂಯಾರ್ಕ್ ರಾಜ್ಯದ ಬಿಂಗ್‌ಹ್ಯಾಮ್ಟನ್ನಿನಲ್ಲಿ ಎಡ್ವಿನ್ ಲಿಂಕ್ ಅವರ ಮನೆತನ ಆರ್ಗನ್ ಮತ್ತು ತಾನಾಗಿ ನುಡಿಯುವ ಪಿಯಾನೋಗಳನ್ನು ತಯಾರಿಸುತ್ತಿತ್ತು. ಅಲ್ಲಿನ ತಿದಿಗಳನ್ನೂ ಗಾಳಿಕೊಳವೆಗಳನ್ನೂ ಬಳಸಿ ಅವರು 1929ರಲ್ಲಿ ಒಂದು ಪುಟ್ಟ ವಿಮಾನದ ಪೆಟ್ಟಿಗೆ ಮಾಡಿದರು. ಸ್ಟಿಕ್ ಎಳೆದರೆ ತಿದಿ ಉಬ್ಬಿ ಪೆಟ್ಟಿಗೆ ಮೂಗೆತ್ತುತ್ತಿತ್ತು, ಓರೆ ಮಾಡಿದರೆ ವಾಲುತ್ತಿತ್ತು. ಸೈನ್ಯ ಅದರತ್ತ ತಿರುಗಿಯೂ ನೋಡಲಿಲ್ಲ. ಕೊಂಡವರಲ್ಲಿ ಮನರಂಜನಾ ಉದ್ಯಾನಗಳವರೇ ಹೆಚ್ಚು. 1934ರಲ್ಲಿ ಅಮೆರಿಕದ ಸೇನಾ ವಿಮಾನದಳಕ್ಕೆ ಅಂಚೆ ಸಾಗಿಸುವ ಕೆಲಸ ಬಂತು. ಮಂಜು, ಹಿಮ, ಕತ್ತಲೆಯಲ್ಲಿ ಉಪಕರಣ ನೋಡಿ ಹಾರುವ ಅಭ್ಯಾಸವಿಲ್ಲದ ಪೈಲಟ್‌ಗಳು ಒಬ್ಬರ ಹಿಂದೊಬ್ಬರು ಸತ್ತರು. ಆಮೇಲೆ ಸೈನ್ಯ ಲಿಂಕ್ ಪೆಟ್ಟಿಗೆಗಳನ್ನು ಕೊಂಡಿತು, ಮೊದಲ ಕಂತಿನಲ್ಲಿ ಆರು. ಎರಡನೇ ಮಹಾಯುದ್ಧ ಮುಗಿಯುವ ಹೊತ್ತಿಗೆ ಅಂಥವು ಹತ್ತು ಸಾವಿರಕ್ಕೂ ಹೆಚ್ಚು ತಯಾರಾಗಿದ್ದವು.

ಮನೆಯ ಕಂಪ್ಯೂಟರಿಗೆ ಈ ವಿದ್ಯೆ ಬಂದದ್ದು 1980ರ ಸುಮಾರಿಗೆ, ಬ್ರೂಸ್ ಆರ್ಟ್‌ವಿಕ್ ಅವರ ಫ್ಲೈಟ್ ಸಿಮ್ಯುಲೇಟರ್ ಮೂಲಕ. ಗೆರೆಗಳಲ್ಲಿ ಬರೆದ ಬೆಟ್ಟ, ಗೆರೆಗಳಲ್ಲಿ ಬರೆದ ನೆಲ. ಅದರಲ್ಲೂ ಮೊದಲ ಮಹಾಯುದ್ಧದ ಒಂದು ಕಾದಾಟವಿತ್ತು. ನಡುವಿನ ದಾರಿಯನ್ನು ಬೇಗ ದಾಟಿ 1998ರ ಡಿಸೆಂಬರಿಗೆ ಬರುತ್ತೇನೆ. ಆಗ ಬಂದ ಫಾಲ್ಕನ್ 4.0 ಎಂಬ ಎಫ್-16 ಸಿಮ್ಯುಲೇಟರ್ ಜೊತೆಗಿದ್ದ ಕೈಪಿಡಿ ಸುಮಾರು 600 ಪುಟದ್ದು. ಅದರ ಕೊರಿಯಾ ಯುದ್ಧರಂಗ ಆಟಗಾರನಿಗಾಗಿ ಕಾಯುತ್ತಿರಲಿಲ್ಲ. ನೀವು ಹಾರಿದರೂ ಹಾರದಿದ್ದರೂ ಪಡೆಗಳು ಸಾಗುತ್ತಿದ್ದವು, ಸೇತುವೆ ಬಿದ್ದರೆ ಸರಬರಾಜು ನಿಲ್ಲುತ್ತಿತ್ತು, ನಿನ್ನೆ ನೀವು ಬಿಟ್ಟುಬಂದ ಕ್ಷಿಪಣಿ ನೆಲೆ ಇವತ್ತು ನಿಮ್ಮ ಗೆಳೆಯನನ್ನು ಕೆಡವುತ್ತಿತ್ತು. ಅದನ್ನು ಇಂದಿಗೂ ಹವ್ಯಾಸಿಗಳ ತಂಡವೊಂದು ಬಿಎಂಎಸ್ ಎಂಬ ಹೆಸರಿನಲ್ಲಿ ಸಾಕಿ ಬೆಳೆಸುತ್ತಿದೆ. ಇನ್ನೊಂದು ಕವಲು ರಷ್ಯಾದ್ದು: 1995ರ ಸು-27 ಫ್ಲಾಂಕರ್‌ನಿಂದ ಶುರುವಾಗಿ ಇವತ್ತಿನ ಡಿಸಿಎಸ್ ವರೆಗೆ ಬಂದದ್ದು. ಅದರ ಎ-10ಸಿ ವಿಮಾನದ ಮೂಲ ಅಮೆರಿಕದ ಏರ್ ನ್ಯಾಷನಲ್ ಗಾರ್ಡ್‌ಗೆ ಮಾಡಿಕೊಟ್ಟ ತರಬೇತಿ ತಂತ್ರಾಂಶ. ಸೈನಿಕನ ಮೇಜಿನಿಂದ ಹವ್ಯಾಸಿಯ ಮೇಜಿಗೆ ಒಂದೇ ವಸ್ತು ದಾಟಿಬಂದ ಅಪರೂಪದ ಉದಾಹರಣೆ ಇದು.

ಇಂಥ ಸಿಮ್ಯುಲೇಟರ್‌ನಲ್ಲಿ, ಹವ್ಯಾಸಿಗಳ ಮಾತಿನ ಸಿಮ್‌ನಲ್ಲಿ, ಮೊದಲು ಕಲಿಯುವುದು ಕಾದಾಟವನ್ನಲ್ಲ. ನಿಂತ ವಿಮಾನಕ್ಕೆ ಜೀವ ತುಂಬುವುದು, ಜಡತ್ವ ಪಥದರ್ಶಕ ತನ್ನ ಜಾಗ ಗುರುತಿಸಿಕೊಳ್ಳುವ ತನಕ ನಿಮಿಷಗಟ್ಟಲೆ ಸುಮ್ಮನೆ ಕೂರುವುದು, ಓಡುದಾರಿಗೆ ನಡೆಸಿಕೊಂಡು ಹೋಗುವುದು, ಜೊತೆಯ ವಿಮಾನದ ರೆಕ್ಕೆಯ ಪಕ್ಕ ಅಲುಗದೆ ನಿಲ್ಲುವುದು. ಎಲ್ಲಕ್ಕಿಂತ ಕಷ್ಟವಾದದ್ದು ಹಾರುತ್ತಲೇ ಇಂಧನ ತುಂಬಿಸಿಕೊಳ್ಳುವುದು. ಮುಂದೆ ಟ್ಯಾಂಕರ್ ವಿಮಾನದಿಂದ ಇಳಿಬಿಟ್ಟ ಕೊಳವೆಯ ತುದಿಯ ಬುಟ್ಟಿ ಗಾಳಿಯಲ್ಲಿ ತೂಗುತ್ತಿರುತ್ತದೆ. ಬುಟ್ಟಿಯನ್ನೇ ದಿಟ್ಟಿಸಿದರೆ ಕೆಟ್ಟಿತು. ಕೈ ಅದರ ಹಿಂದೆ ಓಡಿ ವಿಮಾನ ತೊಟ್ಟಿಲಾಗುತ್ತದೆ. ದೃಷ್ಟಿ ಟ್ಯಾಂಕರ್ ಮೇಲಿರಬೇಕು, ಹಿಡಿತ ಸಡಿಲವಾಗಿರಬೇಕು. ಬಿಗಿದ ಕೈ ಸಡಿಲಾಗಲು ಕಾಲ್ಬೆರಳು ಆಡಿಸಿ ಎಂದು ನಿಜವಾದ ಪೈಲಟ್‌ಗಳು ಹೇಳಿಕೊಡುವ ಉಪಾಯ ಕುರ್ಚಿಯಲ್ಲಿ ಕೂತವರಿಗೂ ಕೆಲಸ ಮಾಡುತ್ತದೆ. ಮೊದಲ ಸಲ ಟ್ಯಾಂಕು ತುಂಬಿ ಬೇರ್ಪಟ್ಟಾಗ ನನ್ನ ಅಂಗಿ ಬೆನ್ನಿಗೆ ಅಂಟಿತ್ತು.

ಇನ್ನು ಕಾದಾಟ. ಇಲ್ಲಿ ನಿಂತು ಮಾತಾಡಬೇಕು, ಸಿಮ್ ಅತ್ಯಂತ ಪ್ರಾಮಾಣಿಕವಾಗಿ ಕಲಿಸುವ ಸಂಗತಿ ಇರುವುದು ಇಲ್ಲೇ.

ಸಿನಿಮಾ ನೋಡಿ ಬಂದವರಿಗೆ ಡಾಗ್‌ಫೈಟ್ ಎಂದರೆ ವೇಗ. ಆದರೆ ತಿರುವಿನ ಗಣಿತ ಬೇರೆ. ಸೆಕೆಂಡಿಗೆ 200 ಮೀಟರ್, ಅಂದರೆ ಗಂಟೆಗೆ 720 ಕಿಲೋಮೀಟರ್ ವೇಗದಲ್ಲಿ 9 ಜಿ, ಅಂದರೆ ತೂಕದ ಒಂಬತ್ತು ಪಟ್ಟು ಬಲ, ಎಳೆದು ಮಟ್ಟಸವಾಗಿ ತಿರುಗುವ ವಿಮಾನದ ವೃತ್ತದ ತ್ರಿಜ್ಯ ಸುಮಾರು 456 ಮೀಟರ್. ಒಂದು ಸುತ್ತು 14 ಸೆಕೆಂಡಿಗಿಂತ ತುಸು ಹೆಚ್ಚಿನಲ್ಲಿ ಮುಗಿಯುತ್ತದೆ. ಅದೇ 9 ಜಿ, ವೇಗ ಮಾತ್ರ ಸೆಕೆಂಡಿಗೆ 300 ಮೀಟರ್ ಆದರೆ ತ್ರಿಜ್ಯ ಒಂದು ಕಿಲೋಮೀಟರ್ ದಾಟುತ್ತದೆ, ಸುತ್ತಿಗೆ 21 ಸೆಕೆಂಡಿಗೂ ಹೆಚ್ಚು ಬೇಕು. ಜೋರಾಗಿ ಬಂದವನು ದೊಡ್ಡ ವೃತ್ತ ಹಾಕುತ್ತಾ ಗುರಿಯಾಗುತ್ತಾನೆ. ಹಾಗೆಂದು ವೇಗ ತೀರಾ ಇಳಿದರೆ ರೆಕ್ಕೆಗೆ ಅಷ್ಟು ಜಿ ಎಳೆಯುವ ಶಕ್ತಿಯೇ ಇರುವುದಿಲ್ಲ. ಈ ಎರಡರ ನಡುವೆ ಪ್ರತಿ ವಿಮಾನಕ್ಕೂ ಒಂದು ಹದವಾದ ವೇಗವಿದೆ. ರೊಟ್ಟಿ ತಟ್ಟುವವರಿಗೆ ಹಿಟ್ಟಿನ ಹದ ಬೆರಳಿಗೆ ಗೊತ್ತಾಗುವಂತೆ ಅದು ಗೊತ್ತಾಗಬೇಕು.

ಈ ಲೆಕ್ಕವನ್ನು ಶಾಸ್ತ್ರವಾಗಿಸಿದವರು ಅಮೆರಿಕದ ಪೈಲಟ್ ಜಾನ್ ಬಾಯ್ಡ್. ತನ್ನ ಬೆನ್ನಿಗೆ ಬಿದ್ದ ಯಾರನ್ನಾದರೂ 40 ಸೆಕೆಂಡಿನಲ್ಲಿ ಮುಂದಕ್ಕೆ ದಾಟಿಸಿ ತಾನು ಅವರ ಬೆನ್ನಿಗೆ ಬೀಳುತ್ತೇನೆಂದು ಪಂಥ ಕಟ್ಟುತ್ತಿದ್ದವರು. 1960ರ ದಶಕದಲ್ಲಿ ಗಣಿತಜ್ಞ ಥಾಮಸ್ ಕ್ರಿಸ್ಟಿ ಜೊತೆ ಸೇರಿ ಅವರು ವಿಮಾನದ ಕಾದಾಟವನ್ನು ಶಕ್ತಿಯ ಲೇವಾದೇವಿಯಾಗಿ ಬರೆದರು. ಎತ್ತರ ಒಂದು ಬಗೆಯ ಉಳಿತಾಯ, ವೇಗ ಇನ್ನೊಂದು ಬಗೆಯದು. ಒಂದನ್ನು ಕೊಟ್ಟು ಇನ್ನೊಂದನ್ನು ಪಡೆಯಬಹುದು. ಸೆಕೆಂಡಿಗೆ 300 ಮೀಟರ್ ವೇಗದ ಬೆಲೆ ಎತ್ತರದಲ್ಲಿ ಸುಮಾರು 4,590 ಮೀಟರ್. 200 ಮೀಟರಿನ ಬೆಲೆ ಸುಮಾರು 2,040. ಬಿರುಸಿನ ಒಂದೇ ತಿರುವಿನಲ್ಲಿ 300ರಿಂದ 200ಕ್ಕೆ ಇಳಿದ ಪೈಲಟ್ ಎರಡೂವರೆ ಕಿಲೋಮೀಟರ್ ಎತ್ತರವನ್ನು ಗಾಳಿಗೆ ಸುರಿದಂತಾಯಿತು. ಸುರಿದದ್ದರಿಂದ ಗುರಿ ಸಿಕ್ಕಿತೋ ಬದುಕಿದ. ಸಿಗಲಿಲ್ಲವೋ, ಇನ್ನು ಬರಿಗೈ.

ಪುಸ್ತಕದಲ್ಲಿ ಓದಿದಾಗ ಇದು ಸೂತ್ರ. ಸಿಮ್‌ನಲ್ಲಿ ಮಿಗ್-21 ಹಾರಿಸಿದಾಗ ಇದು ಅನುಭವ. ತ್ರಿಕೋನ ರೆಕ್ಕೆಯ ಆ ವಿಮಾನ ಸ್ಟಿಕ್ ಎಳೆದ ಕೂಡಲೇ ಚುರುಕಾಗಿ ಮೂಗು ತಿರುಗಿಸುತ್ತದೆ. ಎದುರಾಳಿ ಸಿಕ್ಕೇಬಿಟ್ಟ ಅನ್ನಿಸುತ್ತದೆ. ಅದು ಸಾಲ ಮಾಡಿ ತುಪ್ಪ ತಿಂದ ಸುಖ. ಅರ್ಧ ಸುತ್ತು ಮುಗಿಯುವುದರೊಳಗೆ ರೆಕ್ಕೆಯ ಎಳೆತ ವೇಗವನ್ನು ನುಂಗಿರುತ್ತದೆ, ಎಂಜಿನ್ ಅಷ್ಟು ಬೇಗ ಅದನ್ನು ತುಂಬಿಕೊಡಲಾರದು, ಹಿಂದೆ ನೋಡಿದರೆ ಬೆನ್ನಿನ ಉಬ್ಬು ಅಡ್ಡ. ಈ ವಿಮಾನದಲ್ಲಿ ಗೆಲ್ಲುವ ದಾರಿ ಒಂದೇ: ಮೇಲಿಂದ ಬಂದು, ಒಮ್ಮೆ ಹೊಡೆದು, ನಿಲ್ಲದೆ ದಾಟಿಹೋಗುವುದು. ಹತ್ತಾರು ಸಲ ಬಿದ್ದ ಮೇಲೆಯೇ ನನ್ನ ಕೈ ಇದನ್ನು ಒಪ್ಪಿತು. ಗರಡಿಯಲ್ಲಿ ಉಸ್ತಾದರು ಪಟ್ಟು ಹೇಳಿಕೊಡುವ ಮೊದಲು ಉಸಿರು ಹಿಡಿದು ನಿಲ್ಲುವುದನ್ನು ಕಲಿಸುವುದೂ ಇದೇ ಕಾರಣಕ್ಕೆ. ಮೇಲೆದ್ದು ವೇಗ ಕಳೆದು ಎದುರಾಳಿಯ ತಿರುವಿನೊಳಗೆ ಇಳಿಯುವುದು, ಕೆಳಗಿಳಿದು ವೇಗ ಗಳಿಸಿ ಮತ್ತೆ ಏರುವುದು, ಇವೆಲ್ಲ ಪಟ್ಟುಗಳು. ದಮ್ಮು ಉಳಿದವರಿಗಷ್ಟೇ ಅವು ದಕ್ಕುತ್ತವೆ.

ಕ್ಷಿಪಣಿಯ ಕಾಲದಲ್ಲಿ ಈ ಮಾತೆಲ್ಲ ಹಳೆಯದಾಯಿತಲ್ಲ ಎಂದು ಕೇಳುವವರಿದ್ದಾರೆ. ಕ್ಷಿಪಣಿಗೂ ಇದೇ ಲೆಕ್ಕ ಅನ್ವಯಿಸುತ್ತದೆ. ಅದರ ಮೋಟಾರು ಉರಿಯುವುದು ಕೆಲವೇ ಸೆಕೆಂಡು, ಉಳಿದ ದೂರವನ್ನು ಗಳಿಸಿದ ವೇಗದ ಬಲದಿಂದಲೇ ಕ್ರಮಿಸಬೇಕು. ತೆಳು ಗಾಳಿಯ ಎತ್ತರದಿಂದ ಬಿಟ್ಟರೆ ಬಹುದೂರ ಹೋಗುವ ಕ್ಷಿಪಣಿ ತಗ್ಗಿನ ದಟ್ಟ ಗಾಳಿಯಲ್ಲಿ ಬೇಗ ದಣಿಯುತ್ತದೆ. ರಡಾರ್ ವಿಷಯದಲ್ಲೂ ಒಂದು ಸೂಕ್ಷ್ಮವಿದೆ. ನೆಲದಿಂದ ಮರಳುವ ಗದ್ದಲವನ್ನು ಸೋಸಲು ಡಾಪ್ಲರ್ ರಡಾರ್ ತನ್ನ ಕಣ್ಣಿಗೆ ನೆಲದಷ್ಟೇ ವೇಗದಲ್ಲಿ ಹತ್ತಿರವಾಗುವಂತೆ ಕಾಣುವ ವಸ್ತುಗಳನ್ನು ಕೈಬಿಡುತ್ತದೆ. ಅದಕ್ಕೆ ಸರಿಯಾಗಿ ಅಡ್ಡಡ್ಡ ಹಾರುವ ವಿಮಾನವೂ ಆ ಜರಡಿಯಲ್ಲಿ ನೆಲದ ಜೊತೆ ಜಾರಿಹೋಗಬಹುದು. ಸಿಮ್ ಇದನ್ನು ಚೆನ್ನಾಗಿ ತೋರಿಸುತ್ತದೆ.

ಎಷ್ಟು ಚೆನ್ನಾಗಿ ಎಂಬಲ್ಲಿ ನನ್ನ ಅನುಮಾನ ಶುರುವಾಗುತ್ತದೆ. ಯಾವ ಕ್ಷಿಪಣಿ ಯಾವ ಕ್ಷಣಕ್ಕೆ ಮರುಳಾಗುತ್ತದೆ, ಯಾವ ರಡಾರ್ ಎಷ್ಟು ಹೊತ್ತು ನೆನಪಿಟ್ಟುಕೊಳ್ಳುತ್ತದೆ ಎಂಬುದೆಲ್ಲ ಸೇನೆಗಳ ಗುಟ್ಟು. ತಂತ್ರಾಂಶ ಬರೆಯುವವರು ಭೌತಶಾಸ್ತ್ರದಿಂದ ಊಹಿಸಿ ತುಂಬುತ್ತಾರೆ. ಡಿಸಿಎಸ್‌ನ ಎಫ್-16 ಸುಮಾರು 2007ರ ಸ್ಥಿತಿಯದು, ಇವತ್ತಿನದಲ್ಲ. ಗುಟ್ಟಿನ ಗೋಡೆಯನ್ನು ದಾಟುವ ಆಸೆ ಕೆಲವರನ್ನು ಅಪಾಯಕ್ಕೂ ಎಳೆದಿದೆ. ಎಫ್-16 ಕೈಪಿಡಿಗಳನ್ನು ಅಮೆರಿಕದಿಂದ ತರಿಸಿಕೊಳ್ಳಲು ಹೋದ ರಷ್ಯಾದ ಸಿಮ್ಯುಲೇಟರ್ ತಂತ್ರಜ್ಞರೊಬ್ಬರು 2019ರಲ್ಲಿ ಅಮೆರಿಕದ ನ್ಯಾಯಾಲಯದ ಮುಂದೆ ನಿಲ್ಲಬೇಕಾಯಿತು. ವಾರ್ ಥಂಡರ್ ಎಂಬ ಆಟದ ಚರ್ಚೆಯಲ್ಲಿ ತನ್ನ ವಾದ ಗೆಲ್ಲಲೆಂದೇ ಸೇನೆಯ ನಿರ್ಬಂಧಿತ ದಾಖಲೆಗಳನ್ನು ಹೊರಹಾಕಿದವರೂ ಇದ್ದಾರೆ. ನನ್ನ ಅಭಿಪ್ರಾಯ ಖಚಿತ: ಒಂದು ವಕ್ರರೇಖೆ ಸರಿಯಾಗಲಿ ಎಂಬ ಹಂಬಲಕ್ಕೆ ನಿಜವಾದ ಪೈಲಟ್‌ಗಳ ಪ್ರಾಣವನ್ನು ಪಣಕ್ಕಿಡಬಾರದು. ಸಿಮ್‌ನ ರಡಾರ್ ಯುದ್ಧವನ್ನು ತತ್ವ ಕಲಿಯಲು ನಂಬಬೇಕು, ಅಂಕಿಗಳಿಗಾಗಿ ನಂಬಬಾರದು.

ಕುರ್ಚಿ ಕೊಡಲಾರದ್ದು ಭಾರ. ತಲೆ ಮತ್ತು ಹೆಲ್ಮೆಟ್ ಸೇರಿ ಆರೂವರೆ ಕಿಲೋ ಎಂದಿಟ್ಟುಕೊಂಡರೆ 9 ಜಿಯಲ್ಲಿ ಕುತ್ತಿಗೆ ಹೊರುವುದು 58.5 ಕಿಲೋ. ಅಷ್ಟು ಭಾರದ ತಲೆಯನ್ನು ಹೊರಳಿಸಿ ಬೆನ್ನ ಹಿಂದಿನ ಎದುರಾಳಿಯನ್ನು ನೋಡಬೇಕು. ರಕ್ತ ಕಾಲಿಗೆ ಇಳಿಯುತ್ತದೆ. ಮೊದಲು ಬಣ್ಣ ಮಾಸುತ್ತದೆ, ನೋಟ ಕೊಳವೆಯಷ್ಟು ಕಿರಿದಾಗುತ್ತದೆ, ಆಮೇಲೆ ಕತ್ತಲು, ಆಮೇಲೆ ಪ್ರಜ್ಞೆಯೇ ಇಲ್ಲ. ಅಭ್ಯಾಸವಿಲ್ಲದವರಿಗೆ ನಾಲ್ಕೈದು ಜಿಯಲ್ಲೇ ಕಣ್ಣು ಮಂಜಾಗತೊಡಗುತ್ತದೆ. ಪೈಲಟ್‌ಗಳು ಕಾಲು, ಹೊಟ್ಟೆ ಬಿಗಿದು ಉಸಿರನ್ನು ತುಂಡುತುಂಡಾಗಿ ಎಳೆದು ರಕ್ತವನ್ನು ಮೇಲೆ ತಡೆದಿಡುತ್ತಾರೆ. ಸಿಮ್‌ನಲ್ಲಿ ಪರದೆಯ ಅಂಚು ಕಪ್ಪಾಗುತ್ತದೆ, ಅಷ್ಟೆ. ನಮ್ಮ ಕೈಯಲ್ಲಿ ಚಹಾದ ಲೋಟ ಹಾಗೆಯೇ ಇರುತ್ತದೆ. ವಾಯುಪಡೆಗಳ ದುಬಾರಿ ಸಿಮ್ಯುಲೇಟರ್‌ಗಳಿಗೂ ಈ ಮಿತಿ ತಪ್ಪಿದ್ದಲ್ಲ. ಅಲುಗಾಡುವ ವೇದಿಕೆ ಕ್ಷಣಕಾಲ ನೂಕಬಲ್ಲದು, ಅರ್ಧ ನಿಮಿಷ ಒತ್ತಿ ಹಿಡಿಯಲಾರದು. ಯುದ್ಧವಿಮಾನದ ಸಿಮ್ಯುಲೇಟರ್‌ಗಳಲ್ಲಿ ಎಷ್ಟೋ ಕಡೆ ಕಾಕ್‌ಪಿಟ್ಟನ್ನು ನೆಲಕ್ಕೆ ಬಿಗಿದು ಸುತ್ತ ಗುಮ್ಮಟದ ಮೇಲೆ ಆಕಾಶ ಮೂಡಿಸುವುದು ಅದಕ್ಕೇ. ಭಾರವನ್ನು ಕಲಿಸಲು ಬೇರೆ ಯಂತ್ರವೇ ಬೇಕು. ಬೆಂಗಳೂರಿನ ಹಳೆ ವಿಮಾನ ನಿಲ್ದಾಣ ರಸ್ತೆಯಲ್ಲಿರುವ ವಾಯುಪಡೆಯ ಏರೋಸ್ಪೇಸ್ ವೈದ್ಯಕೀಯ ಸಂಸ್ಥೆಯಲ್ಲಿ ಅಂಥದ್ದಿದೆ: ಉದ್ದನೆಯ ತೋಳಿನ ತುದಿಯ ಕೋಣೆಯಲ್ಲಿ ಪೈಲಟ್ ಕೂತಿರುತ್ತಾರೆ, ತೋಳು ಗಿರ್ರನೆ ಸುತ್ತುತ್ತದೆ, ದೇಹ ತನ್ನ ಪಾಠ ಕಲಿಯುತ್ತದೆ.

ಭಾರದ ಜೊತೆಗೆ ಭಯವೂ ಇಲ್ಲ. ಇದು ಕೊರತೆಯೋ ವರವೋ ಎಂದು ಬಹಳ ದಿನ ಯೋಚಿಸಿದ್ದೇನೆ. ವಿಯೆಟ್ನಾಂ ಯುದ್ಧದ ಆಕಾಶದಲ್ಲಿ ನಿರೀಕ್ಷೆಗಿಂತ ಹೆಚ್ಚು ವಿಮಾನ ಕಳೆದುಕೊಂಡ ಅಮೆರಿಕ ತನ್ನ ಸೋಲುಗಳನ್ನು ಕೂಲಂಕಷವಾಗಿ ನೋಡಿತು. ನೌಕಾಪಡೆ 1969ರಲ್ಲಿ ಟಾಪ್‌ಗನ್ ಶಾಲೆ ತೆರೆಯಿತು. ವಾಯುಪಡೆಗೆ ಕಂಡದ್ದೇನೆಂದರೆ ಮೊದಲ ಹತ್ತು ಯುದ್ಧ ಹಾರಾಟಗಳಲ್ಲಿ ಬದುಕುಳಿದ ಪೈಲಟ್ ಮುಂದೆಯೂ ಬದುಕುಳಿಯುವ ಸಂಭವ ಬಹಳ ಹೆಚ್ಚು. ಆ ಹತ್ತನ್ನು ಸಾವಿಲ್ಲದ ಕಡೆ ಮುಗಿಸಿಬಿಡಲೆಂದೇ 1975ರಲ್ಲಿ ನೆವಾಡಾದ ನೆಲ್ಲಿಸ್ ನೆಲೆಯಲ್ಲಿ ರೆಡ್ ಫ್ಲ್ಯಾಗ್ ಅಭ್ಯಾಸ ಶುರುವಾಯಿತು. ತಪ್ಪು ಮಾಡಿ, ಬದುಕಿ, ಆ ತಪ್ಪಿನ ಮುಂದೆ ಕೂರುವ ಅವಕಾಶ ಅದು. ಸಿಮ್ ಕೊಡುವುದೂ ಅದನ್ನೇ, ಹತ್ತಲ್ಲ, ಸಾವಿರ ಸಲ.

ಆದರೆ ಸಾವಿರ ಸಲ ಸತ್ತರೆ ಸಾವು ಅಗ್ಗವಾಗುತ್ತದೆ. ಬಿದ್ದ ಕ್ಷಣವೇ ಗುಂಡಿ ಒತ್ತಿ ಹೊಸ ವಿಮಾನ ಏರುವವರು ವರ್ಷಗಟ್ಟಲೆ ಹಾರಿದರೂ ಅದೇ ತಪ್ಪು ಮಾಡುತ್ತಿರುತ್ತಾರೆ; ನಾನು ಕಂಡಿದ್ದೇನೆ. ಕಲಿಯುವವರ ಗುಂಪುಗಳ ರೀತಿಯೇ ಬೇರೆ. ಅವರು ಸ್ಕ್ವಾಡ್ರನ್ ಕಟ್ಟಿಕೊಳ್ಳುತ್ತಾರೆ. ಅಭ್ಯಾಸದ ಕಾದಾಟದಲ್ಲಿ ಇಂತಿಷ್ಟು ಎತ್ತರದ ಕೆಳಗೆ ಇಳಿದರೆ ನೆಲಕ್ಕೆ ಬಡಿದಂತೆಯೇ ಲೆಕ್ಕ, ಇನ್ನೊಂದು ವಿಮಾನದ ಸುತ್ತ 500 ಅಡಿಯ ಗುಳ್ಳೆಯೊಳಗೆ ನುಗ್ಗುವಂತಿಲ್ಲ ಎಂದು ನಿಜವಾದ ವಾಯುಪಡೆಗಳ ನಿಯಮವನ್ನೇ ಪಾಲಿಸುತ್ತಾರೆ. ಹಾರಾಟ ಮುಗಿದ ಮೇಲೆ ಟ್ಯಾಕ್‌ವ್ಯೂ ಎಂಬ ತಂತ್ರಾಂಶದಲ್ಲಿ ಇಡೀ ಕಾದಾಟವನ್ನು ಮತ್ತೆ ಬಿಚ್ಚುತ್ತಾರೆ. ಮೇಲಿಂದ, ಪಕ್ಕದಿಂದ, ಎದುರಾಳಿಯ ಕಣ್ಣಿನಿಂದ ನೋಡುತ್ತಾರೆ. ಇಪ್ಪತ್ತು ನಿಮಿಷದ ಹಾರಾಟಕ್ಕೆ ಒಂದು ಗಂಟೆಯ ಡಿಬ್ರೀಫಿಂಗ್. ನಾನು ಹೊಡೆತ ತಿಂದದ್ದು ಕ್ಷಿಪಣಿ ತಗುಲಿದಾಗ ಎಂದುಕೊಂಡಿರುತ್ತೇನೆ. ಅದಕ್ಕೂ ಒಂದೂವರೆ ನಿಮಿಷ ಮೊದಲು, ಯಾರೂ ಕಾಣದ ಆಕಾಶದಲ್ಲಿ ಬೇಡದ ತಿರುವೊಂದು ತೆಗೆದು ವೇಗ ಕಳೆದುಕೊಂಡಿದ್ದು ಅಲ್ಲಿ ಕಾಣುತ್ತದೆ. ಸೋತದ್ದು ಅಲ್ಲಿ. ನನ್ನ ಮಟ್ಟಿಗೆ ಹಾರಾಟಕ್ಕಿಂತ ಈ ಒಂದು ಗಂಟೆಯೇ ನಿಜವಾದ ಸಿಮ್ಯುಲೇಟರ್. ಅದಿಲ್ಲದೆ ಎಷ್ಟು ದುಬಾರಿ ಸ್ಟಿಕ್ ಕೊಂಡರೂ, ಕಣ್ಣಿಗೆ ಎಂಥ ವಿಆರ್ ಕನ್ನಡಕ ಕಟ್ಟಿಕೊಂಡರೂ ಅದು ಆಟವಾಗಿಯೇ ಉಳಿಯುತ್ತದೆ.

ನಮ್ಮ ದೇಶದ ಮಟ್ಟಿಗೆ ಈ ವಿಷಯ ಹವ್ಯಾಸದ ಆಚೆಗೂ ಚಾಚುತ್ತದೆ. 1963ರಲ್ಲಿ ಬಂದ ಮಿಗ್-21, 2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ವಿದಾಯ ಪಡೆಯಿತು. ಆ ವರ್ಷಗಳಲ್ಲಿ ಬಹುಕಾಲ ನಮ್ಮ ಯುವ ಪೈಲಟ್‌ಗಳು ಬೆಂಗಳೂರಿನ ಎಚ್‌ಎಎಲ್ ತಯಾರಿಸಿದ ಸೌಮ್ಯ ಸ್ವಭಾವದ ಕಿರಣ್‌ನಂಥ ತರಬೇತಿ ವಿಮಾನದಿಂದ ಇಳಿದು, ಗಂಟೆಗೆ 300 ಕಿಲೋಮೀಟರಿಗೂ ಹೆಚ್ಚಿನ ವೇಗದಲ್ಲಿ ಓಡುದಾರಿಯತ್ತ ಇಳಿಯುವ ಮಿಗ್-21 ಏರಬೇಕಾಗಿತ್ತು. ನಡುವೆ ಒಂದು ಮೆಟ್ಟಿಲು ಬೇಕೆಂದು ಯುದ್ಧವಿಮಾನಗಳ ಅಪಘಾತಗಳನ್ನು ಪರಿಶೀಲಿಸಿದ ಲಾ ಫಾಂಟೇನ್ ಸಮಿತಿ 1982ರಲ್ಲೇ ಹೇಳಿತ್ತು. ಆ ಮೆಟ್ಟಿಲಾದ ಹಾಕ್ ವಿಮಾನ ಬೀದರಿನ ನೆಲೆಗೆ ಬಂದದ್ದು 2008ರಲ್ಲಿ. ಕಾಲು ಶತಮಾನದ ಆ ವಿಳಂಬವನ್ನು ನೆನೆದರೆ ಇಂದಿಗೂ ಸಂಕಟವಾಗುತ್ತದೆ. ಸಿಮ್‌ನಲ್ಲಿ ಮಿಗ್-21 ಇಳಿಸಲು ಹೋಗಿ ಓಡುದಾರಿಯ ತುದಿಗೆ ಬಡಿದಾಗಲೆಲ್ಲ ನನಗೆ ಆ ಹುಡುಗರ ನೆನಪಾಗುತ್ತದೆ. ನನಗೆ ಮತ್ತೊಮ್ಮೆ ಶುರುಮಾಡುವ ಗುಂಡಿ ಇತ್ತು.

ಬೆಂಗಳೂರಿಗೆ ಇನ್ನೊಂದು ನಂಟೂ ಇದೆ. ಇಲ್ಲಿಯೇ ರೂಪುಗೊಂಡ ತೇಜಸ್ ಯುದ್ಧವಿಮಾನ ತಾನಾಗಿ ಸ್ಥಿರವಾಗಿ ಹಾರುವಂಥದ್ದಲ್ಲ. ಕಂಪ್ಯೂಟರ್ ಕ್ಷಣಕ್ಷಣವೂ ತಿದ್ದದಿದ್ದರೆ ಅದು ಹಾರಲಾರದು. ಆ ತಿದ್ದುವ ನಿಯಮಗಳನ್ನು ರೂಪಿಸಿದ್ದು ಎನ್‌ಎಎಲ್ ಎಂಬ ವೈಮಾನಿಕ ಸಂಶೋಧನಾ ಸಂಸ್ಥೆಯ ನೇತೃತ್ವದ ತಂಡ. ಆ ನಿಯಮಗಳು ಪೈಲಟ್‌ಗಳ ಕೈಯಲ್ಲಿ ಪಳಗಿದ್ದು ರಕ್ಷಣಾ ಪ್ರಯೋಗಾಲಯವಾದ ಎಡಿಇಯ ಸಿಮ್ಯುಲೇಟರ್‌ಗಳಲ್ಲಿ. 1996ರಲ್ಲಿ ಅವನ್ನು ಅಮೆರಿಕದಲ್ಲಿ ವಿಸ್ಟಾ ಎಂಬ ವಿಶೇಷ ಎಫ್-16ರಲ್ಲಿ ತುಂಬಿ ಹಾರಿಸಿ ನೋಡಿದರು. ವಿಸ್ಟಾ ಬೇರೆ ವಿಮಾನಗಳಂತೆ ನಟಿಸಬಲ್ಲ ವಿಮಾನ, ಅಂದರೆ ಆಕಾಶದಲ್ಲೇ ಹಾರುವ ಸಿಮ್ಯುಲೇಟರ್. 1998ರ ಪೋಖ್ರಾನ್ ಅಣ್ವಸ್ತ್ರ ಪರೀಕ್ಷೆಯ ಬಳಿಕ ನಿರ್ಬಂಧ ಬಿತ್ತು, ಅಮೆರಿಕದ ಸಹಕಾರ ನಿಂತಿತು, ಉಳಿದ ಕೆಲಸವನ್ನು ನಮ್ಮವರೇ ಇಲ್ಲಿ ಮುಗಿಸಿದರು. 2001ರ ಜನವರಿ 4ರಂದು ವಿಂಗ್ ಕಮಾಂಡರ್ ರಾಜೀವ್ ಕೋಠಿಯಾಲ್ ಬೆಂಗಳೂರಿನ ಆಕಾಶಕ್ಕೆ ತೇಜಸ್ ಒಯ್ದಾಗ, ಅದು ಮೊದಲ ಹಾರಾಟವಾದರೂ ಅದರ ನಡೆ ಅವರಿಗೆ ಹೊಸದಾಗಿರಲಿಲ್ಲ.

ವಿಸ್ಟಾದ ಕಥೆ ಅಲ್ಲಿಗೆ ನಿಲ್ಲಲಿಲ್ಲ. 2020ರ ಆಗಸ್ಟಿನಲ್ಲಿ ಅಮೆರಿಕದ ರಕ್ಷಣಾ ಸಂಶೋಧನಾ ಸಂಸ್ಥೆ ಡಾರ್ಪಾ ಸಿಮ್ಯುಲೇಟರ್‌ನೊಳಗೆ ಒಂದು ಸ್ಪರ್ಧೆ ನಡೆಸಿತು. ಹೆರಾನ್ ಸಿಸ್ಟಮ್ಸ್ ಎಂಬ ಸಣ್ಣ ಕಂಪನಿಯ ಕೃತಕ ಬುದ್ಧಿ, ಅನುಭವಿ ಎಫ್-16 ಪೈಲಟ್ ಒಬ್ಬರನ್ನು ಐದಕ್ಕೆ ಐದೂ ಸುತ್ತಿನಲ್ಲಿ ಸೋಲಿಸಿತು. ಅದು ಮುಖಾಮುಖಿ ನುಗ್ಗಿ, ಢಿಕ್ಕಿಯ ಅಂಚಿನಲ್ಲಿ ಗುಂಡು ಹಾರಿಸುತ್ತಿತ್ತು. ಅಭ್ಯಾಸದಲ್ಲಿ ಮನುಷ್ಯರಿಗೆ ನಿಷೇಧವಿರುವ ಪಟ್ಟು ಅದು. ಲೆಕ್ಕವಿಲ್ಲದಷ್ಟು ಸಲ ಸತ್ತು ಕಲಿತ ಆ ಬುದ್ಧಿಗೆ ಸಾವಿನ ಬೆಲೆ ಗೊತ್ತಿರಲಿಲ್ಲ. ಎದುರಾಳಿಯ ಸ್ಥಾನ, ವೇಗ ಎಲ್ಲವೂ ಅದಕ್ಕೆ ಕರಾರುವಾಕ್ಕಾಗಿ ಸಿಗುತ್ತಿತ್ತು ಎಂಬುದನ್ನೂ ಮರೆಯಬಾರದು. ಮೋಡ, ಬಿಸಿಲು, ಕೊಳೆಯಾದ ಗಾಜಿನ ನಡುವೆ ಹುಡುಕುವ ಕೆಲಸವೇ ಇರಲಿಲ್ಲ.

ಮುಂದಿನ ಹೆಜ್ಜೆ ನಿಜವಾದ ಆಕಾಶದಲ್ಲಿ. ತೇಜಸ್‌ನ ನಿಯಮಗಳನ್ನು ಹೊತ್ತು ಹಾರಿದ್ದ ಅದೇ ವಿಸ್ಟಾ ಈಗ ಎಕ್ಸ್-62ಎ ಎಂಬ ಹೆಸರು ಪಡೆದಿತ್ತು. 2023ರಲ್ಲಿ ಕ್ಯಾಲಿಫೋರ್ನಿಯಾದ ಎಡ್ವರ್ಡ್ಸ್ ನೆಲೆಯ ಮೇಲೆ ಕೃತಕ ಬುದ್ಧಿಯ ಹಿಡಿತದಲ್ಲಿ ಅದು ಮನುಷ್ಯರು ಹಾರಿಸುತ್ತಿದ್ದ ಎಫ್-16ರ ಎದುರು ಡಾಗ್‌ಫೈಟಿಗೆ ಇಳಿಯಿತು. ಈ ಸಲ ಸುರಕ್ಷತೆಯ ನಿಯಮಗಳನ್ನು ಅದಕ್ಕೂ ಕಲಿಸಬೇಕಾಗಿತ್ತು. ಒಂದೊಂದು ಹಾರಾಟವಾದ ಮೇಲೂ ಎಂಜಿನಿಯರುಗಳು ದಾಖಲೆ ಬಿಚ್ಚಿ ಕೂತು ತಿದ್ದಿದರು: 21 ಹಾರಾಟಗಳಲ್ಲಿ ತಂತ್ರಾಂಶದ ಒಂದು ಲಕ್ಷಕ್ಕೂ ಹೆಚ್ಚು ಸಾಲು ಬದಲಾಯಿತು. ಕಾದಾಟದ ನಡುವೆ ಸುರಕ್ಷಾ ಪೈಲಟ್‌ಗಳು ಒಮ್ಮೆಯೂ ನಿಯಂತ್ರಣ ಕಿತ್ತುಕೊಳ್ಳಬೇಕಾಗಿ ಬರಲಿಲ್ಲ. ಕೈ ಹಿಂದಕ್ಕಿಟ್ಟುಕೊಂಡು, ಹೊಟ್ಟೆ ಬಿಗಿದು, ತಾವು ತೆಗೆಯದ ತಿರುವುಗಳ ಭಾರವನ್ನು ಅವರು ಕುತ್ತಿಗೆಯಲ್ಲಿ ಹೊತ್ತು ಕೂತಿದ್ದರು.